ನದಿ ಎಣಿಸಿಕೊಂಡು ಮೊಮ್ಮಕ್ಕಳ ಮನೆಗೆ

ಆಗಸ್ಟಿನಲ್ಲಿ ಮಗಳಿಗೆ ಪುಣೆಯಲ್ಲಿ ಎರಡನೇ ಹೆರಿಗೆ ಆಯಿತು. ಅದೇ ವಾರ ಮೈಸೂರಿನಲ್ಲಿ ನಮ್ಮವರಿಗೆ ಮಂಡಿ ಆಪರೇಷನ್. ಬಾಣಂತನ ಮಾಡೋಕೆ ಹೋಗಲು ನನ್ನಿಂದ ಆಗಲಿಲ್ಲ. ಬೀಗಿತ್ತಿಯೇ ಎಲ್ಲ ನೋಡಿಕೊಂಡರು. ತುಂಬ ಚೆನ್ನಾಗಿ ನೋಡಿಕೊಂಡರು. ಆದರೂ ಮಗಳ ಬಾಣಂತನ ತಾಯಿ ಕೈಯಲ್ಲಿ ಆಗಲಿಲ್ಲ ಅನ್ನುವ ನೋವು ಇದೆಯಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಮೊಮ್ಮಗನನ್ನು ಐದು ತಿಂಗಳು ಫೋನಿನಲ್ಲೇ ನೋಡಿದೆ. ಫೋನಿನಲ್ಲಿ ಮಗುವಿನ ನೆತ್ತಿಯ ವಾಸನೆ ಬರುವುದಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಡಾಕ್ಟರು ಇವರಿಗೆ ಕಾರು ಓಡಿಸಬಹುದು ಅಂದರು. ಒಂದು ಗಂಟೆಗೊಮ್ಮೆ ಇಳಿದು ನಡೆದಾಡಬೇಕು, ಅಷ್ಟೇ. ರೈಲಿನಲ್ಲಿ ಹೋಗಿ ಅಂತ ಎಲ್ಲರೂ ಹೇಳಿದರು. ಆದರೆ ನನಗೆ ತೊಟ್ಟಿಲು ತೆಗೆದುಕೊಂಡು ಹೋಗಬೇಕಿತ್ತು. ಮಗಳು ಮಲಗಿ ಬೆಳೆದ ಮರದ ತೊಟ್ಟಿಲು. ಅದರ ಅಂಚಿನ ಪಟ್ಟಿಯ ಮೇಲೆ ಅವಳ ಹಾಲು ಹಲ್ಲಿನ ಗುರುತು ಇನ್ನೂ ಇದೆ, ಸಾಲಾಗಿ ನಾಲ್ಕು ಸಣ್ಣ ಗುಳಿ. ಬೆರಳಿಟ್ಟರೆ ಸಿಗುತ್ತದೆ. ಹಿಂದಿನ ಸೀಟು ಮಡಚಿ ತೊಟ್ಟಿಲನ್ನು ಇಡಿಯಾಗಿ ಇಟ್ಟೆವು. ಹಿತ್ತಾಳೆ ಸರಪಳಿಯನ್ನು ಹಳೇ ಸೀರೆಯಲ್ಲಿ ಸುತ್ತಿದೆ.

ಹೊರಡುವ ಹಿಂದಿನ ರಾತ್ರಿ ಏಳು ವರ್ಷದ ಮೊಮ್ಮಗಳು ಫೋನು ಮಾಡಿ, "ಅಜ್ಜಿ, ದಾರಿಯಲ್ಲಿ ಎಷ್ಟು ನದಿ ಬರತ್ತೆ? ಎಣಿಸ್ಕೊಂಡು ಬಾ" ಅಂದಳು. ಸ್ಕೂಲಿನಲ್ಲಿ ನದಿಗಳ ಪಾಠ ನಡೆಯುತ್ತಿದೆಯಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು. ಒಂದು ಸಣ್ಣ ನೋಟ್‌ಬುಕ್ಕು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡೆ.

ಬುಧವಾರ: ಮೈಸೂರಿನಿಂದ ದಾವಣಗೆರೆ

ಬೆಳಿಗ್ಗೆ ಆರಕ್ಕೆ ಹೊರಟೆವು. ಇನ್ನೂ ಮಂಜು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಸಲ ಸಿಗುತ್ತಾಳೆ, ಊರನ್ನು ಎರಡೂ ಕಡೆಯಿಂದ ತಬ್ಬಿಕೊಂಡು ಹರಿಯುತ್ತಾಳಲ್ಲ. ಎರಡು ಸೇತುವೆ, ನದಿ ಒಂದೇ. ನೋಟ್‌ಬುಕ್ಕಿನಲ್ಲಿ 1 ಅಂತ ಬರೆದೆ. ಕಾರಿನ ಗಾಜು ಇಳಿಸಿ ಕೈ ಮುಗಿದೆ. ಯಾವಾಗ ಊರು ಬಿಟ್ಟರೂ ಹಾಗೆ ಮಾಡುವುದು ರೂಢಿ.

ಬೆಂಗಳೂರಿನ ಟ್ರಾಫಿಕ್ ಬೇಡ ಅಂತ ಪಾಂಡವಪುರ, ನಾಗಮಂಗಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಮೇಲೆ ಹಿರಿಯೂರಿಗೆ ಹೋಗುವ ರಸ್ತೆ ಹಿಡಿದೆವು. ರಾಷ್ಟ್ರೀಯ ಹೆದ್ದಾರಿ 150ಎ. ಊರೂರಿಗೂ ಹಂಪು ಇರುವ ರಸ್ತೆ. ಆದರೆ ವಯಸ್ಸಾದವರಿಗೆ ಇದೇ ಒಳ್ಳೆಯದು. ನಿಧಾನಕ್ಕೆ ಹೋಗಬಹುದು, ಬೇಕಾದ ಕಡೆ ನಿಲ್ಲಿಸಬಹುದು. ತುರುವೇಕೆರೆ ದಾಟಿದ ಮೇಲೆ ತೆಂಗಿನ ತೋಟ ಬಿಟ್ಟು ಬೇರೇನೂ ಕಾಣಲಿಲ್ಲ. ಡಬ್ಬದಲ್ಲಿದ್ದ ಎಳ್ಳು ಬೆಲ್ಲದ ಕೊಬ್ಬರಿ ಈ ಕಡೆಯದೇ. ತೋಟದ ಪಕ್ಕ ನಿಲ್ಲಿಸಿ ತಿಂಡಿ ತಿಂದೆವು. ಇವರು ಕೋಲು ಹಿಡಿದು ಮೂವತ್ತು ಹೆಜ್ಜೆ ಹೋಗಿ ಮೂವತ್ತು ಹೆಜ್ಜೆ ಬಂದರು.

ಹುಳಿಯಾರು ಬಿಟ್ಟ ಮೇಲೆ ನೆಲದ ಬಣ್ಣ ಬದಲಾಯಿತು. ಗಿಡ ಕಡಿಮೆ, ಬಂಡೆ ಜಾಸ್ತಿ. ಹಿರಿಯೂರಿನಲ್ಲಿ ವೇದಾವತಿ, ಎರಡನೆಯದು. ಈ ನದಿಗೆ ಸ್ವಲ್ಪ ಮೇಲೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ, ಮೈಸೂರು ಅರಸರ ಕಾಲದಲ್ಲಿ. 1933ರಲ್ಲಿ ಕೋಡಿ ಹರಿದಿತ್ತು. ಆಮೇಲೆ ಮತ್ತೆ ಹರಿದದ್ದು 2022ರಲ್ಲಿ! 89 ವರ್ಷ. ಅಜ್ಜ ನೋಡಿದ್ದನ್ನು ಮೊಮ್ಮಗ ಮುದುಕನಾದ ಮೇಲೆ ನೋಡಿದ ಹಾಗೆ. ಮೊಮ್ಮಗಳಿಗೆ ಹೇಳೋಕೆ ಒಂದು ಕಥೆ ಸಿಕ್ಕಿತು ಅಂತ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟೆ.

ಅಲ್ಲಿಂದ 48ನೇ ನಂಬರಿನ ದೊಡ್ಡ ಹೆದ್ದಾರಿ. ಸ್ಟೀರಿಂಗ್ ನಾನು ತೆಗೆದುಕೊಂಡೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಾಲ್ಕು ಗಂಟೆಗೆ ದಾವಣಗೆರೆ ಸೇರಿದೆವು. ಕತ್ತಲಾದ ಮೇಲೆ ಕಾರು ಓಡಿಸುವುದಿಲ್ಲ ಅಂತ ಮಗಳಿಗೆ ಮಾತು ಕೊಟ್ಟಿದ್ದೆವು.

ಗುರುವಾರ: ದಾವಣಗೆರೆಯಿಂದ ಬೆಳಗಾವಿ

ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿನ್ನದೆ ಹೋಗೋದುಂಟಾ? ತಿಂದೇ ಹೊರಟೆವು.

ಹರಿಹರದಲ್ಲಿ ತುಂಗಭದ್ರೆ. ಅಗಲವಾದ ಮರಳು, ನಡುವೆ ನೀರು. 1956ಕ್ಕೆ ಮುಂಚೆ ಈ ನದಿಯೇ ಗಡಿ. ಈಚೆ ದಡ ಮೈಸೂರು, ಆಚೆ ದಡ ಮುಂಬೈ ಪ್ರಾಂತ. ಈಗ ಎರಡೂ ದಡ ನಮ್ಮದೇ. ಆದರೆ ಕಿವಿಗೆ ಮಾತ್ರ ಆ ಗಡಿ ಇನ್ನೂ ಗೊತ್ತಾಗುತ್ತದೆ. ರಾಣೆಬೆನ್ನೂರಿನಲ್ಲಿ ಚಹಾ ಕೊಟ್ಟ ಹುಡುಗ "ಸಕ್ರಿ ಸಾಕೇನ್ರೀ?" ಅಂದಾಗ ಇವರು ನನ್ನ ಮುಖ ನೋಡಿ ನಕ್ಕರು. ಇವರ ಮೊದಲ ನೌಕರಿ ಈ ಕಡೆ.

ಮೋಟೆಬೆನ್ನೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಕಾರು ಎಡಕ್ಕೆ ಎಳೆಯತೊಡಗಿತು. ಪಂಕ್ಚರ್. ಡಿಕ್ಕಿಯಿಂದ ಸಾಮಾನೆಲ್ಲ ಇಳಿಸಿ ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ. ಹೊರಡುವ ಎರಡು ದಿನ ಮೊದಲು ಸರ್ವಿಸ್ ಮಾಡಿಸಿದ್ದೆವು. ಐದೂ ಟೈರು ನೋಡಿದ್ದೇವೆ ಅಂತ ಬರೆದೂ ಕೊಟ್ಟಿದ್ದರು. ನನಗೆ ತುಂಬ ಸಿಟ್ಟು ಬಂತು. ಆಪರೇಷನ್ ಆದ ಮನುಷ್ಯ ಹೆದ್ದಾರಿ ಪಕ್ಕ ಬಿಸಿಲಲ್ಲಿ ನಿಂತಿದ್ದಾರೆ. ದೂರದ ಪ್ರಯಾಣ ಅಂತ ಹೇಳಿಯೇ ಗಾಡಿ ಬಿಟ್ಟಿದ್ದೆವು. ದೊಡ್ಡ ಪ್ರಯಾಣಕ್ಕೆ ಮುಂಚೆ ಸ್ಟೆಪ್ನಿಯ ಗಾಳಿ ನೀವೇ ಕಣ್ಣಾರೆ ನೋಡಿಕೊಳ್ಳಿ, ಯಾರ ಮಾತನ್ನೂ ನಂಬಿ ಕೂರಬೇಡಿ.

ಒಬ್ಬ ಹುಡುಗ ಬೈಕ್ ನಿಲ್ಲಿಸಿದ. "ಏನಾಗೇತ್ರೀ ಅಕ್ಕಾರ?" ಅಂದ. ಸ್ಟೆಪ್ನಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋದ, ಅರ್ಧ ಗಂಟೆಯಲ್ಲಿ ಗಾಳಿ ತುಂಬಿಸಿ ತಂದು ತಾನೇ ಹಾಕಿದ. ಪಂಕ್ಚರ್ ಆದ ಟೈರನ್ನು ಸರಿ ಮಾಡಿಸೋಕೆ ಅವನ ಹಿಂದೆಯೇ ಅಂಗಡಿಗೆ ಹೋದೆವು. ಅಂಗಡಿ ಅವನ ಮಾವನದು. ಪಕ್ಕದಲ್ಲೇ ಮನೆ. ಅಂಗಳದ ತುಂಬ ಬ್ಯಾಡಗಿ ಮೆಣಸಿನಕಾಯಿ ಹರಡಿತ್ತು. ಅಷ್ಟು ಕೆಂಪು ಒಟ್ಟಿಗೆ ನಾನು ನೋಡಿಯೇ ಇರಲಿಲ್ಲ. ಒಂದು ಕಾಯಿ ಎತ್ತಿ ನೋಡಿದೆ, ಹಣ್ಣು ಮುದುಕಿಯ ಕೆನ್ನೆ ಹಾಗೆ ಮೈಯೆಲ್ಲ ಸುಕ್ಕು. ಖಾರ ಕಡಿಮೆ, ಬಣ್ಣ ಜಾಸ್ತಿ. ಅದಕ್ಕೇ ಅದರ ಬೆಲೆ.

ಮೆಣಸಿನಕಾಯಿ ಆರಿಸುತ್ತಿದ್ದ ಅಜ್ಜಿಯೊಬ್ಬರು ಎದ್ದು ಬಂದು ಕಾರಿನೊಳಗೆ ಇಣುಕಿದರು. "ತೊಟ್ಲ ಎಲ್ಲಿಗಿ ಒಯ್ಯಾಕತ್ತೀರಿ?" ಮೊಮ್ಮಗನಿಗೆ, ಪುಣೆಗೆ ಅಂದೆ. "ಖಾಲಿ ತೊಟ್ಲ ಒಯ್ಯಬಾರದವ್ವ" ಅಂದವರೇ ಒಳಗೆ ಹೋಗಿ ಸೆರಗಿನ ತುಂಬ ಬಾರಿ ಹಣ್ಣು ತಂದು ತೊಟ್ಟಿಲಲ್ಲಿ ಸುರಿದರು. ನಮ್ಮ ಎಲಚಿ ಹಣ್ಣು. ಈ ಕಡೆ ಅದಕ್ಕೆ ಬಾರಿ ಹಣ್ಣು ಅನ್ನುತ್ತಾರೆ. ಖಾಲಿ ತೊಟ್ಟಿಲು ತೂಗಬಾರದು ಅಂತ ನಮ್ಮಮ್ಮನೂ ಹೇಳುತ್ತಿದ್ದರು. ನನಗೆ ಹೊರಡುವ ಗಡಿಬಿಡಿಯಲ್ಲಿ ಅದು ಹೊಳೆದೇ ಇರಲಿಲ್ಲ. ಆ ಅಜ್ಜಿಯ ಕೈಗೆ ಎಳ್ಳು ಬೆಲ್ಲದ ಪೊಟ್ಟಣ ಕೊಟ್ಟೆ. ಅವರು ಅಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

ಹಾವೇರಿ ದಾಟಿದ ಮೇಲೆ ವರದಾ, ನಾಲ್ಕು. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ನಿಧಾನ. ಧಾರವಾಡ ಪೇಡೆ ಕಟ್ಟಿಸಿಕೊಂಡೆವು.

ಕಿತ್ತೂರಿನ ಹತ್ತಿರ ಬಂದಾಗ ಮೊಮ್ಮಗಳು ನೆನಪಾದಳು. ಅವಳಿಗೆ ಶಿವಾಜಿಯ ಕಥೆ ಪೂರ್ತಿ ಬಾಯಿಪಾಠ. ಅವಳ ಊರು ಪುಣೆ, ಅದು ಸಹಜವೇ. ಚೆನ್ನಮ್ಮನ ಕಥೆ ಹೇಳುವ ಜವಾಬ್ದಾರಿ ನನ್ನದು. 1824ರ ಅಕ್ಟೋಬರಿನಲ್ಲಿ ಈ ಊರಿನ ರಾಣಿ ಕಂಪನಿಯ ಸೈನ್ಯವನ್ನು ಸೋಲಿಸಿದಳು, ಕಲೆಕ್ಟರ್ ಥ್ಯಾಕರೆ ಇಲ್ಲೇ ಸತ್ತ ಅಂತ. ಮುಂದೆ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ, ಐದು. ಬಸವಣ್ಣನವರ ಹೆಂಡತಿ ಗಂಗಾಂಬಿಕೆ ಐಕ್ಯರಾದ ಜಾಗ ಈ ನದಿಯಲ್ಲೇ ಇದೆ.

ಬೆಳಗಾವಿ ಸಮೀಪಿಸುವಾಗ ಬಿಸಿಲು ಇಳಿಯುತ್ತಿತ್ತು. ಸುವರ್ಣ ವಿಧಾನಸೌಧ ಹೆದ್ದಾರಿಯಿಂದಲೇ ಕಾಣುತ್ತದೆ. 2012ರಲ್ಲಿ ಉದ್ಘಾಟನೆ ಆದದ್ದು ಟಿವಿಯಲ್ಲಿ ನೋಡಿದ್ದೆವು. ಇವರು ಕಾರಿನಲ್ಲೇ ಕಾಲು ಚಾಚಿಕೊಂಡು, "ನಾಳೆ ಸ್ವಲ್ಪವೇ ದೂರ ಇಟ್ಟುಕೊಳ್ಳೋಣ" ಅಂದರು. ಮಂಡಿ ಊದಿತ್ತು. ರಾತ್ರಿ ಐಸ್ ಇಟ್ಟೆ.

ಶುಕ್ರವಾರ: ಬೆಳಗಾವಿಯಿಂದ ಕೊಲ್ಹಾಪುರ

ಬರೀ ನೂರಹತ್ತು ಕಿಲೋಮೀಟರ್. ಆದರೆ ನದಿಗಳು ಇವತ್ತೇ ಹೆಚ್ಚು. ಮಾರ್ಕಂಡೇಯ, ಘಟಪ್ರಭೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ. ತವಂದಿ ಘಾಟಿ ಇಳಿದರೆ ನಿಪ್ಪಾಣಿ. ಅಲ್ಲಿ ಯಮಗರ್ಣಿ ಹತ್ತಿರ ವೇದಗಂಗಾ, ಮುಂದೆ ಗಡಿಯಲ್ಲಿ ದೂಧಗಂಗಾ. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿಕೊಂಡು ಬರೆದೆ. ವೇದ, ಹಾಲು, ಚಿನ್ನದ ಕೂದಲು! ಎಷ್ಟು ಪ್ರೀತಿಯಿಂದ ಹೆಸರಿಟ್ಟಿದ್ದಾರೆ ಅಲ್ವಾ.

ಕಬ್ಬಿನ ಕಾಲ ಇದು. ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಸಾಲು. ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ, ಎಷ್ಟೋ ಟ್ರಾಲಿಗೆ ಹಿಂದೆ ಲೈಟು ಇರುವುದಿಲ್ಲ. ಅದಕ್ಕೇ ಈ ದಾರಿಯಲ್ಲಿ ರಾತ್ರಿ ಕಾರು ಓಡಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಗಲಿನಲ್ಲಿ ಮಾತ್ರ ಅದು ನೋಡೋಕೆ ಚೆಂದ. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ವಾಸನೆ ಕಾರಿನೊಳಗೆಲ್ಲ ತುಂಬಿತು.

ಕೊಗನೊಳ್ಳಿ ಟೋಲ್ ಆದ ಮೇಲೆ ಬೋರ್ಡುಗಳು ಮರಾಠಿಗೆ ತಿರುಗಿದವು. ಗಂಟಲಲ್ಲಿ ಏನೋ ಒತ್ತಿದ ಹಾಗಾಯಿತು. ಮಗಳು ಈ ಗೆರೆಯ ಆಚೆ ಇದ್ದಾಳೆ. ಅವಳ ಮಕ್ಕಳು ಓದುವ ಅಕ್ಷರ ಇದು.

ಆದರೆ ಕನ್ನಡ ಅಷ್ಟು ಬೇಗ ಕೈ ಬಿಡಲಿಲ್ಲ. ಕೊಲ್ಹಾಪುರದ ಲಾಡ್ಜಿನಲ್ಲಿ ನಮ್ಮ ಬ್ಯಾಗು ಎತ್ತಿದ ಹುಡುಗ ಗಡಹಿಂಗ್ಲಜ್ ಕಡೆಯವನು. ನಾವು ಮಾತಾಡುವುದು ಕೇಳಿ, "ಮನ್ಯಾಗ ನಾವೂ ಕನ್ನಡಾನ ಮಾತಾಡ್ತೀವ್ರಿ" ಅಂದ. ಸಂಜೆ ಅಂಬಾಬಾಯಿ ಗುಡಿಗೆ ಹೋದೆವು. ನಮ್ಮ ಕಡೆ ಎಷ್ಟೋ ಮನೆಗಳಿಗೆ ಕೊಲ್ಹಾಪುರದ ಮಹಾಲಕ್ಷ್ಮಿಯೇ ಮನೆದೇವರು. ಇಲ್ಲಿ ಆಳಿದ ಶಿಲಾಹಾರರು ಕನ್ನಡದಲ್ಲೂ ಶಾಸನ ಬರೆಸಿದ್ದಾರೆ. ಜನವರಿ ಕೊನೆ, ಫೆಬ್ರವರಿ ಮೊದಲ ದಿನಗಳಲ್ಲಿ ಮುಳುಗುವ ಸೂರ್ಯನ ಬೆಳಕು ಪಡುವಣ ಬಾಗಿಲಿನಿಂದ ನೇರ ದೇವಿಯ ಪಾದಕ್ಕೆ, ಆಮೇಲೆ ಎದೆಗೆ, ಮುಖಕ್ಕೆ ಬೀಳುತ್ತದೆ. ಕಿರಣೋತ್ಸವ ಅನ್ನುತ್ತಾರೆ. ನಾವು ಹೋದದ್ದು ಅದಕ್ಕೆ ಕೆಲವು ದಿನ ಮುಂಚೆ. ಕಾಯೋಕೆ ಆಗುತ್ತಿರಲಿಲ್ಲ, ನಮ್ಮನ್ನು ಕಾಯುವವರಿದ್ದರು.

ಶನಿವಾರ: ಕೊಲ್ಹಾಪುರದಿಂದ ಪುಣೆ

ಊರು ಬಿಡುತ್ತಲೇ ಪಂಚಗಂಗಾ, ಹನ್ನೊಂದು. 2019ರ ಮಳೆಯಲ್ಲಿ ಶಿರೋಲಿ ಹತ್ತಿರ ಈ ಹೆದ್ದಾರಿಯ ಮೇಲೇ ನೀರು ನಿಂತು ದಿನಗಟ್ಟಲೆ ಗಾಡಿಗಳು ನಿಂತಿದ್ದವು. 2021ರಲ್ಲೂ ಹಾಗೇ ಆಯಿತು. ಮಳೆಗಾಲದಲ್ಲಿ ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆಮೇಲೆ ವಾರಣಾ. ಕರಾಡದಲ್ಲಿ ಕೊಯ್ನಾ. ಅಲ್ಲಿ ಕೊಯ್ನಾ ಮತ್ತು ಕೃಷ್ಣೆ ಎದುರುಬದುರಾಗಿ ಬಂದು ಸೇರುತ್ತವೆ. ಪ್ರೀತಿಸಂಗಮ ಅಂತ ಹೆಸರು. ಸಾತಾರಾದಲ್ಲಿ ವೆಣ್ಣಾ. ನಡುವೆ ಸಣ್ಣಪುಟ್ಟವು ಇನ್ನೂ ಇದ್ದವು, ಬೋರ್ಡು ಓದೋಕೆ ಸಿಗಲಿಲ್ಲ.

ಭುಯಿಂಜ್ ಹತ್ತಿರ ಒಂದು ಸೇತುವೆ ಬಂತು. ಕೃಷ್ಣಾ ಅಂತ ಬರೆದಿತ್ತು. ಕಾರು ನಿಲ್ಲಿಸಿ ಅಂದೆ. ಸೇತುವೆ ದಾಟಿ ಪಕ್ಕಕ್ಕೆ ಹಾಕಿದರು. ಇದೇನಾ ಕೃಷ್ಣೆ? ಮಹಾಬಳೇಶ್ವರದಲ್ಲಿ ಹುಟ್ಟಿ ಈಗಷ್ಟೇ ವಾಯಿ ದಾಟಿ ಬಂದವಳು. ಆಲಮಟ್ಟಿಯಲ್ಲಿ ಸಮುದ್ರದ ಹಾಗೆ ಹರಡಿಕೊಂಡ ನೀರು ನೋಡಿದ್ದೇನೆ. ಇಲ್ಲಿ ದಡದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದರೆ ಆಚೆ ದಡದ ಎಮ್ಮೆ ಅವಳನ್ನೇ ನೋಡುತ್ತಿತ್ತು. ನೋಟ್‌ಬುಕ್ಕು ತೆಗೆದು ಮೊದಲಿಂದ ಓದಿದೆ. ಆಗ ಹೊಳೆಯಿತು. ವೇದಾವತಿ ಹೋಗಿ ಸೇರುವುದು ತುಂಗಭದ್ರೆಗೆ. ವರದೆಯೂ ಅಲ್ಲಿಗೇ. ತುಂಗಭದ್ರೆ ಕೃಷ್ಣೆಗೆ. ಮಲಪ್ರಭೆ, ಘಟಪ್ರಭೆ, ದೂಧಗಂಗಾ, ಪಂಚಗಂಗಾ, ವಾರಣಾ, ಕೊಯ್ನಾ, ಎಲ್ಲವೂ ಕೃಷ್ಣೆಗೇ. ಹಿರಿಯೂರಿನಿಂದ ಇಲ್ಲಿಯವರೆಗೆ ಮೂರು ದಿನ ನಾವು ಬಂದದ್ದು ಇವಳ ಮನೆಯೊಳಗೇ. ಮೂವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ. ಒಂದೊಂದಾಗಿ ದಾಟಿ ಬಂದಾಗ ಅದೇ ಪಾಠ ಬೇರೆ ಥರ ಅನ್ನಿಸಿತು. ಪುಣೆ ದೂರ, ದೂರ ಅಂತ ಐದು ತಿಂಗಳು ಒಬ್ಬಳೇ ಕೂತು ಅತ್ತಿದ್ದೆ.

ಖಂಬಾಟ್ಕಿ ಘಾಟಿಯಲ್ಲಿ ಪುಣೆ ಕಡೆಗೆ ಹೋಗುವವರಿಗೆ ಸುರಂಗ. ಅದರಿಂದ ಹೊರಬಂದ ಕೂಡಲೇ ಇಳಿಜಾರಿನಲ್ಲಿ ತಿರುವು ಇದೆ, ವೇಗ ಕಡಿಮೆ ಇರಲಿ. ಶಿರವಳದಲ್ಲಿ ನೀರಾ, ಹದಿನಾರು. ಕಾತ್ರಜ್ ಸುರಂಗ ದಾಟಿದ ಮೇಲೆ ಪುಣೆಯ ಟ್ರಾಫಿಕ್ಕು. ಆಮೇಲೆ ನಾನು ನೋಟ್‌ಬುಕ್ಕು ತೆಗೆಯಲಿಲ್ಲ. ಕಣ್ಣೆಲ್ಲ ಮುಂದಿನ ರಸ್ತೆ ಮೇಲೆ.

ಕೋಥ್ರೂಡಿನ ಮನೆ ಗೇಟಿನಲ್ಲಿ ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಸೊರಗಿದ್ದಳು. ಅವಳನ್ನು ಮೊದಲು ತಬ್ಬಿಕೊಂಡೆ. ಆಮೇಲೆ ಮಗು. ಅವನು ನನ್ನ ಮುಖವನ್ನೇ ಒಂದಷ್ಟು ಹೊತ್ತು ನೋಡಿ, ಕನ್ನಡಕಕ್ಕೆ ಕೈ ಹಾಕಿ ಕಿತ್ತ. ಅವನ ನೆತ್ತಿಗೆ ಮೂಗಿಟ್ಟೆ. ಕೊಬ್ಬರಿ ಎಣ್ಣೆ, ಹಾಲು, ಸ್ವಲ್ಪ ಬೆವರು.

ಭಾನುವಾರ: ಬೋರನ್ಹಾಣ

ಬೀಗಿತ್ತಿ ಮುಂಚೆಯೇ ಹೇಳಿದ್ದರು, ನೀವು ಬಂದ ಮೇಲೇ ಮಾಡೋಣ ಅಂತ. ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ ಮಕ್ಕಳಿಗೆ ಮಾಡುವ ಶಾಸ್ತ್ರ. ಮಗುವಿಗೆ ಕಪ್ಪು ಅಂಗಿ ತೊಡಿಸಿದಾಗ ನನಗೆ ಒಂದು ಕ್ಷಣ ಎದೆ ಝಲ್ ಅಂದಿತು. ನಮ್ಮಲ್ಲಿ ಶುಭ ಕೆಲಸಕ್ಕೆ ಕಪ್ಪು ಹಾಕುವುದಿಲ್ಲವಲ್ಲ. ಇಲ್ಲಿ ಸಂಕ್ರಾಂತಿಗೆ ಕಪ್ಪೇ, ಚಳಿಗೆ ಬೆಚ್ಚಗಿರಲಿ ಅಂತ. ಕಪ್ಪು ಅಂಗಿಯ ಮೇಲೆ ಬಿಳೀ ಸಕ್ಕರೆ ಕಾಳಿನ ಒಡವೆ. ಸರ, ಬಾಜುಬಂದಿ, ಕಿರೀಟ. ಆಮೇಲೆ ತಲೆ ಮೇಲಿಂದ ಸುರಿಯೋಕೆ ಚುರುಮುರಿ, ಕಬ್ಬಿನ ಚೂರು, ಹಸಿ ಕಡಲೆ, ಬತ್ತಾಸು, ಬೋರ್. ಬೋರ್ ಅಂದರೆ ಎಲಚಿ ಹಣ್ಣು!

ನಮ್ಮ ಕಡೆ ಸಂಕ್ರಾಂತಿ ಸಂಜೆ ಮಕ್ಕಳ ತಲೆ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತೇವಲ್ಲ, ಅದೇ. ಬೀಗಿತ್ತಿಗೆ ಹೇಳಿದೆ. ಅವರಿಗೂ ಆಶ್ಚರ್ಯ, ನಮ್ಮ ಕಡೆಯೂ ಇದೆ ಅಂತ ಗೊತ್ತೇ ಇರಲಿಲ್ಲ. ತೊಟ್ಟಿಲಲ್ಲಿದ್ದ ಹಾವೇರಿ ಅಜ್ಜಿಯ ಹಣ್ಣು ತಂದು ಸೇರಿನಲ್ಲಿ ಬೆರೆಸಿದೆ, ಒಂದಷ್ಟು ಕಾಸನ್ನೂ ಹಾಕಿದೆ. ಇಬ್ಬರೂ ಸೇರಿ ಎರೆದೆವು. ಮಗು ಕಣ್ಣು ಮುಚ್ಚಿ ತೆರೆದು ಮಾಡಿತು. ಸುತ್ತ ಕೂತ ಮಕ್ಕಳೆಲ್ಲ ಹಣ್ಣಿಗೂ ಕಾಸಿಗೂ ಮುಗಿಬಿದ್ದರು. ಬೀಗಿತ್ತಿ ತಿಳಗೂಳ ಕೊಟ್ಟು "ಗೋಡ ಗೋಡ ಬೋಲಾ" ಅಂದರು. ನಾನು ಎಳ್ಳು ಬೆಲ್ಲ ಕೊಟ್ಟು "ಒಳ್ಳೆ ಮಾತಾಡಿ" ಅಂದೆ. ಬಾಣಂತನದ ಋಣಕ್ಕೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ಅವರ ಕೈ ಹಿಡಿದುಕೊಂಡೆ, ಅಷ್ಟೇ ಆಯಿತು.

ರಾತ್ರಿ ಅಳಿಯ ಹಾಲಿನ ಕೊಂಡಿಗೆ ತೊಟ್ಟಿಲು ತೂಗುಹಾಕಿದ. ಮಗಳು ಅಂಚಿನ ಮೇಲೆ ಬೆರಳಾಡಿಸಿ ತನ್ನ ಹಲ್ಲಿನ ಗುರುತು ಹುಡುಕಿದಳು. ಮೊಮ್ಮಗಳು ನನ್ನ ಪಕ್ಕ ಕೂತು ನೋಟ್‌ಬುಕ್ಕು ತೆಗೆದಳು. ಹಿರಿಯೂರಿನ ಕಥೆ, ಚೆನ್ನಮ್ಮನ ಕಥೆ ಎರಡೂ ಆದವು. ಬೆರಳಿಟ್ಟುಕೊಂಡು ನದಿಗಳನ್ನು ಓದಿದಳು. ಹದಿನಾರಕ್ಕೆ ನಿಂತಳು.

"ಅಜ್ಜಿ, ನಮ್ಮ ಮುಠಾ ಎಲ್ಲಿ? ಮನೆ ಹತ್ತಿರಾನೇ ಬ್ರಿಡ್ಜ್ ಇದೆ. ನೀನು ಅದರ ಮೇಲೇ ಬಂದಿದ್ದು."

ಹೌದಲ್ಲ. ವಾರ್ಜೆಯಲ್ಲಿ ದಾಟಿದ್ದೆವು. ನಾನು ನೋಡಿಯೇ ಇರಲಿಲ್ಲ. ಅವಳ ಅಟ್ಲಾಸ್ ತೆಗೆದೆವು. ಮುಠಾ ಮುಳೆಯನ್ನು ಸೇರಿತು, ಅದು ಭೀಮೆಯನ್ನು ಸೇರಿತು, ಭೀಮೆ ಹೋಗಿ ಕೃಷ್ಣೆಗೆ.

"ಹಾಗಾದ್ರೆ ನಿನ್ನ ಕಾವೇರಿ ಒಬ್ಳೇ ಬೇರೆ ಹೋಗ್ತಾಳಾ?" ಅಂತ ಕೇಳಿದಳು.

ಹೂಂ ಅಂದೆ. ಅವಳು ಸ್ವಲ್ಪ ಹೊತ್ತು ಭೂಪಟವನ್ನೇ ನೋಡಿದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು 17 ಅಂತ ಹಾಕಿ, ನಾನು ಫೋನಿನಲ್ಲಿ ಕಲಿಸಿದ ಕನ್ನಡ ಅಕ್ಷರದಲ್ಲಿ ನಿಧಾನಕ್ಕೆ ಬರೆದಳು. "ಮುರಾ" ಅಂತ ಆಗಿತ್ತು. ಠ ಒಳಗೆ ಒಂದು ಚುಕ್ಕೆ ಬೇಕು ಪುಟ್ಟಿ ಅಂದೆ. ನಾನು ಪೆನ್ಸಿಲ್ಲಿಗೆ ಕೈ ಚಾಚಿದರೆ ಕೊಡಲಿಲ್ಲ. ನಾಲಿಗೆ ಕಚ್ಚಿಕೊಂಡು, ಪೆನ್ಸಿಲ್ ಒತ್ತಿ, ತಾನೇ ಚುಕ್ಕೆ ಇಟ್ಟಳು.